ಬೆಲೆ ತೆರದೆ ಸಿಕ್ಕಿದ್ದು

ಮಂಗಳ ಗ್ರಹದಲ್ಲಿ ನಾಲ್ವರಿಗೆ ಆಹಾರ ಬೆಳೆಯುವ ಹಸಿರುಮನೆಯ ವಿನ್ಯಾಸಕ್ಕಾಗಿ ಅಮೆರಿಕದ ನಾಸಾ ಸಂಸ್ಥೆ ವಿದ್ಯಾರ್ಥಿಗಳಿಗೆ ಸ್ಪರ್ಧೆಯೊಂದನ್ನು ಏರ್ಪಡಿಸಿತ್ತು. 2019ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ತಂಡಕ್ಕೆ ಪ್ರಥಮ ಬಹುಮಾನ ಬಂತು.

ಭೂಮಿಯಲ್ಲೇ ಹಸಿದವರಿರುವಾಗ ಆಕಾಶದಲ್ಲೇಕೆ ತೋಟ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹಸಿದವನ ಪಾಲನ್ನು ಕಸಿಯುತ್ತಿರುವುದು ಆ ತೋಟವೋ, ನಮ್ಮ ದುಂದುಗಾರಿಕೆಯೋ?

ಆ ವಿದ್ಯಾರ್ಥಿಗಳ ಕೆಲಸವನ್ನು ತುಸು ಗಮನಿಸಿರಿ. ಮಂಗಳದಲ್ಲಿ ಗಾಳಿ ತೀರಾ ತೆಳು, ಚಳಿ ಘೋರ. ಬೆಳಕು, ಶಾಖ, ಗಾಳಿಯ ಒತ್ತಡ, ಲೋಟ ನೀರು – ಎಲ್ಲವನ್ನೂ ಲೆಕ್ಕ ಹಾಕಿಯೇ ಒದಗಿಸಬೇಕು. ಅದೇ ವರ್ಷದ ಜನವರಿಯಲ್ಲಿ ಚೀನಾದ ನೌಕೆಯೊಂದು ಚಂದ್ರನ ಮೇಲೆ, ಮುಚ್ಚಿದ ಡಬ್ಬಿಯೊಳಗೆ ಹತ್ತಿಯ ಬೀಜವನ್ನು ಮೊಳೆಯಿಸಿತು. ಚಂದ್ರನ ರಾತ್ರಿ ಆವರಿಸಿದೊಡನೆ ಆ ಮೊಳಕೆ ಚಳಿಗೆ ಸತ್ತಿತು.

ಇಲ್ಲಿ ಬಿತ್ತುವ ರೈತನಿಗೆ ಗಾಳಿಗಾಗಲಿ ಬಿಸಿಲಿಗಾಗಲಿ ಯಾರೂ ಬಿಲ್ಲು ಕಳಿಸುವುದಿಲ್ಲ. ಬೆಲೆ ತೆರದೆ ಸಿಕ್ಕಿದ್ದರಿಂದಲೇ ಅದನ್ನು ಬೆಲೆಯಿಲ್ಲದ್ದೆಂದು ನಾವು ಭಾವಿಸಿದ್ದೇವೆ. ಮದುವೆಯೂಟದಲ್ಲಿ ತಟ್ಟೆ ತುಂಬ ಬಿರಿಯಾನಿ ಬಡಿಸಿಕೊಂಡು ಅರ್ಧ ಬಿಟ್ಟೇಳುತ್ತೇವೆ. ವುಝೂ ಮಾಡುವಾಗ ನಲ್ಲಿಯನ್ನು ಪೂರ್ತಿ ತೆರೆದಿಡುತ್ತೇವೆ. ‘ದುಡ್ಡು ಕೊಟ್ಟಿದ್ದೇವಲ್ಲ’ ಎಂದರೆ ಉತ್ತರವಾಗದು. ನಾವು ಕೊಟ್ಟದ್ದು ಅಂಗಡಿಯವನಿಗೆ ಅಕ್ಕಿಯ ಬೆಲೆ. ಆ ಅಕ್ಕಿಯನ್ನು ಬೆಳೆಸಿದ ಮಳೆಗೆ, ಬಿಸಿಲಿಗೆ ಏನು ಕೊಟ್ಟೆವು?

ಕೃತಜ್ಞತೆಯು ನಾಲಗೆಯ ಮೇಲಷ್ಟೇ ಇದ್ದರೆ ಸಾಲದು, ಬಳಕೆಯಲ್ಲಿ ತೋರಬೇಕು. ಲೋಟ ನೀರಿಗೂ ಲೆಕ್ಕವಿಡುವುದು ಆ ವಿದ್ಯಾರ್ಥಿಗಳಿಗೆ ಅನಿವಾರ್ಯ. ನಮಗಾದರೋ ಅದು ಕರ್ತವ್ಯ. ಏಕೆಂದರೆ, ಧಾರಾಳವಾಗಿ ಕೊಟ್ಟ ಅಲ್ಲಾಹನು ಕೊಟ್ಟದ್ದರ ಲೆಕ್ಕವನ್ನೂ ಕೇಳಲಿದ್ದಾನೆ.