ಪರನಾಡಿನಲ್ಲೂ ತೋಟ ಮಾಡಿ



ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿಯದ ಅರಸ ನೆಬೂಕದ್ನೆಚ್ಚರನು ಜೆರುಸಲೇಮನ್ನು ಹಿಡಿದು, ಜುದೇಯ ನಾಡಿನ ಅರಸನನ್ನೂ ಪ್ರಮುಖರನ್ನೂ ಕಮ್ಮಾರರನ್ನೂ ಸೆರೆಯೊಯ್ದನು. ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಹನನ್ಯನು ಸಾರಿದಾಗ ಜನರಿಗೆ ಎಷ್ಟು ಹಿತವೆನಿಸಿರಬೇಕು! ಆದರೆ ಪ್ರವಾದಿ ಯೆರೆಮೀಯನು ಸೆರೆಯಾಳುಗಳಿಗೆ ಬರೆದ ಪತ್ರವೇ ಬೇರೆ: ಎಪ್ಪತ್ತು ವರ್ಷ ಕಳೆಯಬೇಕು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಶತ್ರುನಗರದ ಒಳಿತಿಗಾಗಿಯೂ ಪ್ರಾರ್ಥಿಸಿ.

ಸುಮಾರು ಹತ್ತು ವರ್ಷಗಳಲ್ಲಿ ಮಹಾದೇವಾಲಯವೂ ಸುಟ್ಟುಹೋಯಿತು. ಬಲಿಪೀಠವಿಲ್ಲ, ಸಿಂಹಾಸನವಿಲ್ಲ. ಆದರೂ ದೇವರು ಅವರ ಕೈಬಿಡಲಿಲ್ಲ. ಸಬ್ಬತ್ತಿನ ಆಚರಣೆ, ಮನೆಯ ಪ್ರಾರ್ಥನೆ ಅವರನ್ನು ಒಂದು ಜನಾಂಗವಾಗಿ ಉಳಿಸಿದವು. ಕ್ರಿಸ್ತಪೂರ್ವ 538ರಲ್ಲಿ ಪರ್ಷಿಯದ ಅರಸ ಸೈರಸ್ ಅಪ್ಪಣೆ ಕೊಟ್ಟ ಮೇಲೆ ತಾಯ್ನಾಡಿಗೆ ಹೊರಟವರಲ್ಲಿ ಹೆಚ್ಚಿನವರು ಆ ಪರನಾಡಿನ ಮನೆಗಳಲ್ಲೇ ಹುಟ್ಟಿ ಬೆಳೆದವರು.

ಸಾಲ ತೀರಲಿ, ಕಾಯಿಲೆ ವಾಸಿಯಾಗಲಿ, ಆಮೇಲೆ ಜಪತಪ ಎನ್ನುತ್ತೇವೆ ನಾವು. ನಿಮ್ಮ ಮನೆಯ ಕಷ್ಟ ಎರಡು ವರ್ಷದ್ದೋ ಎಪ್ಪತ್ತು ವರ್ಷದ್ದೋ ನಾನರಿಯೆ. ಇಂದು ಸಂಜೆಯೇ ಮಕ್ಕಳೊಡನೆ ಮೊಣಕಾಲೂರಿ ಜಪಸರ ಮಾಡಿ. ನಿಮಗೆ ನೋವು ಕೊಟ್ಟವರನ್ನೂ ನೆನೆಯಿರಿ. ಬಿಡುಗಡೆಯ ದಿನ ಬಂದಾಗ ಹೊರಡಲು ನಿಮ್ಮ ಮಕ್ಕಳಾದರೂ ಸಿದ್ಧರಿರುವರು.