ಕಂಪನಿ ಅಂದ್ರೆ ಯಾರು?

ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ಬಿಡಿಸಿ ಹೇಳಲು ಒಂಬತ್ತು ವರ್ಷದಲ್ಲಿ ನನ್ನಿಂದ ಆಗಿಲ್ಲ. ಪ್ರಾಡಕ್ಟ್ ಮ್ಯಾನೇಜರ್ ಕೋಡ್ ಬರೆಯುವುದಿಲ್ಲ, ಡಿಸೈನ್ ಮಾಡುವುದಿಲ್ಲ, ಮಾರಲು ಹೋಗುವುದೂ ಇಲ್ಲ. ಆ್ಯಪಿನಲ್ಲಿ ಏನಿರಬೇಕು, ಏನಿರಬಾರದು, ಯಾವುದು ಮೊದಲು ಬರಬೇಕು ಎಂದು ತೀರ್ಮಾನಿಸಿ ಉಳಿದವರಿಗೆ ಬರೆದುಕೊಡುತ್ತಾನೆ. ಈ ಬರೆದುಕೊಡುವ ಭಾಗ ಈಗ ಕೈಬಿಟ್ಟು ಹೋಗುತ್ತಿದೆ. ಹೋದ ತಿಂಗಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ನಾನು ನಾಲ್ಕು ದಿನ ಕೂತು ಬರೆಯುತ್ತಿದ್ದಂಥದ್ದನ್ನು ಎಐಯಿಂದ ಇಪ್ಪತ್ತು ನಿಮಿಷದಲ್ಲಿ ಬರೆಸಿ ತಂದಳು. ಚೆನ್ನಾಗಿಯೇ ಇತ್ತು. ನಾನು ಸಾಮಾನ್ಯವಾಗಿ ಮರೆಯುವ ಎರಡು ಸಂಗತಿಗಳೂ ಅದರಲ್ಲಿದ್ದವು. "ಸರ್, ಇನ್ನು ಐದು ವರ್ಷಕ್ಕೆ ನಮ್ಮ ಕೆಲಸ ಇರುತ್ತಾ?" ಎಂದು ಕೇಳಿದಳು.

ಆಗೇನೋ ಸಮಾಧಾನದ ಮಾತು ಹೇಳಿ ಕಳಿಸಿದೆ. ಮನಸ್ಸು ಮಾತ್ರ 2022ರ ಒಂದು ಮಧ್ಯಾಹ್ನಕ್ಕೆ ಹೋಗಿತ್ತು.

ಆಗ ನಾನು ಬಸ್ ಟಿಕೆಟ್ ಮಾರುವ ಆ್ಯಪ್ ಒಂದರಲ್ಲಿದ್ದೆ. ಹಣ ಕಟ್ಟುವ ಜಾಗದಲ್ಲಿ 15 ರೂಪಾಯಿಯ ಪ್ರಯಾಣ ವಿಮೆಗೆಂದು ಒಂದು ಸಣ್ಣ ಚೌಕವಿತ್ತು. ಬೇಕಾದವರು ಟಿಕ್ ಮಾಡಿಕೊಳ್ಳುತ್ತಿದ್ದರು. ಟಿಕ್ ಮೊದಲೇ ಬಿದ್ದಿದ್ದರೆ ಏನಾಗುತ್ತದೆ ನೋಡೋಣ ಎಂದು ಪ್ರಯೋಗ ಮಾಡಿದೆವು. ವಿಮೆ 'ಕೊಳ್ಳುವವರ' ಸಂಖ್ಯೆ ಹಲವು ಪಟ್ಟು ಏರಿತು. ಆ ಪದವನ್ನೇ ಬಳಸಿದೆವು, ಯಾರಿಗೂ ನಗು ಬರಲಿಲ್ಲ. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. ಅದನ್ನು ಹೀಗೆ ಮಾಡಿ ಎಂದು ಬರೆದುಕೊಟ್ಟವನು ನಾನೇ.

ಹೊನ್ನಾಳಿ ಹತ್ತಿರದ ನಮ್ಮೂರಿಗೆ ಹೋದಾಗ, ಊಟಕ್ಕೆ ಕೂತಲ್ಲೇ ಚಿಕ್ಕಪ್ಪ ಫೋನ್ ಮುಂದೆ ಹಿಡಿದರು. ನನ್ನ ಮೇಲಿನ ಅಭಿಮಾನಕ್ಕೆ ನಮ್ಮ ಆ್ಯಪನ್ನೇ ಹಾಕಿಸಿಕೊಂಡಿದ್ದರು.

"ಇದೇನಪ್ಪಾ ಹದಿನೈದು ರೂಪಾಯಿ? ನಾನು ಕೇಳೇ ಇಲ್ಲಲ್ಲ."

"ಅದು ವಿಮೆ ಚಿಕ್ಕಪ್ಪ. ಬೇಡ ಅಂದ್ರೆ ತೆಗೀಬಹುದು. ಕಂಪನಿಯೋರು ಹಂಗೆ ಇಟ್ಟಿದಾರೆ."

"ಕಂಪನಿ ಅಂದ್ರೆ ಯಾರು?"

ಕುಟುಕಬೇಕೆಂದು ಕೇಳಿದ್ದಲ್ಲ. ಅಂಗಡಿಯವನು ತೂಕದಲ್ಲಿ ಹೊಡೆದರೆ ಅಂಗಡಿಗೇ ಹೋಗಿ ಕೇಳುವ ಮನುಷ್ಯ. ಇಲ್ಲಿ ಯಾರ ಹತ್ತಿರ ಹೋಗಬೇಕು ಎಂದಷ್ಟೇ ತಿಳಿಯಬೇಕಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಸಾರು ತಂದರು. ನಾನು ತಲೆ ತಗ್ಗಿಸಿ ಅನ್ನ ಕಲಸಿಕೊಂಡೆ.

ನನ್ನ ಹುದ್ದೆಯ ಮೂಲ ಹುಡುಕುವವರು ಸಾಮಾನ್ಯವಾಗಿ 1931ಕ್ಕೆ ಹೋಗುತ್ತಾರೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್ ಎಂಬ ತರುಣ, ಒಂದೊಂದು ಬ್ರ್ಯಾಂಡಿಗೂ ಅದರದೇ ಹೊಣೆಗಾರ ಬೇಕು ಎಂದು ಮೇಲಿನವರಿಗೆ ಮೂರು ಪುಟದ ಟಿಪ್ಪಣಿ ಬರೆದ. ಮಾರಾಟ ಕುಸಿದ ಕಡೆಗೆ ಆ ಹೊಣೆಗಾರ ತಾನೇ ಹೋಗಿ, ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ತೊಂದರೆ ಏನೆಂದು ತಿಳಿಯಬೇಕು ಎಂದೂ ಅದರಲ್ಲಿತ್ತು. ಸೋಪು ಮಾರುವ ಲೆಕ್ಕಾಚಾರವೇ ಹೊರತು ಅದರಲ್ಲಿ ಧರ್ಮಸೂಕ್ಷ್ಮವೇನೂ ಇರಲಿಲ್ಲ. ಆದರೂ ಈ ಕೆಲಸ ಹುಟ್ಟಿದ್ದು 'ಯಾರು' ಎಂಬ ಪ್ರಶ್ನೆಗೆ ಉತ್ತರವಾಗಿ ಎಂಬುದು ನನ್ನನ್ನು ಕಾಡುತ್ತದೆ. ನನ್ನ ಕಾಲಕ್ಕೆ ಬರುವ ಹೊತ್ತಿಗೆ ನಾವು 'ಡೇಟಾ ಹೇಳ್ತಿದೆ' ಎನ್ನಲು ಕಲಿತಿದ್ದೆವು. ಇನ್ನು ಮುಂದೆ 'ಎಐ ಹೇಳಿತು' ಎನ್ನುತ್ತೇವೆ.

ಈಗಂತೂ ಬಳಕೆದಾರರ ಪಾತ್ರವನ್ನೂ ಎಐಗೇ ಕೊಟ್ಟು ಸಂದರ್ಶನ ಮಾಡುವ ರೂಢಿ ಶುರುವಾಗಿದೆ. ಒಂದು ರಾತ್ರಿ ನಾನೂ ಮಾಡಿದೆ. 'ನೀನು ದಾವಣಗೆರೆ ಜಿಲ್ಲೆಯ ಅಡಿಕೆ ಬೆಳೆಗಾರ, ವಯಸ್ಸು 61' ಎಂದು ಬರೆದು ಆ ಹಳೆಯ ಪರದೆಯನ್ನು ತೋರಿಸಿದೆ. ಅದಕ್ಕೆ ಇದೆಲ್ಲ ಎಲ್ಲಿ ಹೊಳೆಯುತ್ತದೆ ಎಂದುಕೊಂಡಿದ್ದೆ. ಎರಡನೆಯ ಸಾಲಿನಲ್ಲೇ, ಕೇಳದೆ 15 ರೂಪಾಯಿ ಸೇರಿಸಿದ್ದು ಸರಿಯಲ್ಲ ಎಂದಿತು. ಅಂದರೆ ಎಐಗೆ ತಿಳಿಯುವುದಿಲ್ಲ, ಆದ್ದರಿಂದ ಮನುಷ್ಯ ಬೇಕು ಎಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಯೋಚಿಸಿದರೆ, 2022ರಲ್ಲಿ ನನಗೂ ತಿಳಿದಿತ್ತು. ತಿಳಿಯದೇ ಮಾಡಿದ್ದಲ್ಲ. ವ್ಯತ್ಯಾಸ ಇಷ್ಟೇ: ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ನೆಮ್ಮದಿಯಾಗಿ ಮಲಗಿದೆ. ಚಿಕ್ಕಪ್ಪನ ಎದುರು ಕೂತು ತುತ್ತು ನುಂಗುವುದು ಕಷ್ಟವಾಗಿತ್ತು.

ನಮ್ಮ ಸಂಖ್ಯೆ ಕಡಿಮೆಯಾಗುತ್ತದೆ ಎಂದೇ ನನ್ನ ಅಂದಾಜು. ಹೆಚ್ಚು ಹೆದರಿಸುವುದು ಬೇರೆಯದು. ಇಷ್ಟು ದಿನ ಎಷ್ಟೋ ಕೆಟ್ಟ ಯೋಚನೆಗಳು ನಿಂತದ್ದು ನಮ್ಮ ಸಜ್ಜನಿಕೆಯಿಂದಲ್ಲ, ಎಂಜಿನಿಯರುಗಳಿಗೆ ಪುರುಸೊತ್ತಿಲ್ಲ ಎಂಬ ಕಾರಣಕ್ಕೆ. 'ಮುಂದಿನ ತಿಂಗಳು ನೋಡೋಣ' ಎಂದರೆ ಅದು ಅಲ್ಲಿಗೇ ಸಾಯುತ್ತಿತ್ತು. ಕೋಡನ್ನೂ ಎಐ ಬರೆದು ಸಂಜೆಯೊಳಗೆ ಎಲ್ಲವೂ ಸಿದ್ಧವಾಗುವ ಕಾಲದಲ್ಲಿ ಆ ನೆಪ ಇರುವುದಿಲ್ಲ. ಬೇಡ ಎನ್ನಬೇಕಾದವನು ಬೇಡ ಎಂದೇ ಹೇಳಬೇಕು, ತನ್ನ ಹೆಸರಿನಲ್ಲಿ, ಲಾಭದ ಗೆರೆ ಮೇಲೇರುತ್ತಿರುವುದನ್ನು ನೋಡುತ್ತಲೇ. ಆ ಹುಡುಗಿಗೆ ನಾನು ಹೇಳಬೇಕಿದ್ದದ್ದು ಇದು. ಹೇಳಲು ನನಗೇನು ಅರ್ಹತೆ ಎಂದು ಸುಮ್ಮನಾದೆ.

ಏಕೆಂದರೆ ಆ ಟಿಕ್ ತೆಗೆಸಿದವನು ನಾನಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಎಂದು ಕರೆಯುವ 13 ಬಗೆಯ ಮೋಸಗಳನ್ನು ಹೆಸರಿಸಿ ಮಾರ್ಗಸೂಚಿ ತಂದಿತು. ಗಿರಾಕಿಗೆ ಗೊತ್ತಾಗದಂತೆ ಬಿಲ್ಲಿಗೆ ಏನಾದರೂ ಸೇರಿಸುವುದು ಅದರಲ್ಲೊಂದು. ವಕೀಲರಿಂದ ಮೇಲ್ ಬಂತು. ವರ್ಷಗಟ್ಟಲೆ ಇದ್ದದ್ದು ಒಂದೇ ದಿನದಲ್ಲಿ ಹೋಯಿತು.

ಚಿಕ್ಕಪ್ಪನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಅವರೂ ಮತ್ತೆ ಕೇಳಿಲ್ಲ. ದಸರೆಗೆ ಬೆಂಗಳೂರಿಗೆ ಬಂದಿದ್ದರು. ವಾಪಸ್ ಹೋಗಲು ನಾನೇ ಟಿಕೆಟ್ ತೆಗೆದು ಫೋನ್ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು.