ಕಾರ್ಡಿದ್ದರೆ ಸಾಲದು, ಕರೆಂಟೂ ಬೇಕು

2022ರ ಸೆಪ್ಟೆಂಬರ್ 14ರ ಬೆಳಿಗ್ಗೆ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕರೆಂಟ್ ಹೋಯಿತು. ಜನರೇಟರ್ ಹೊತ್ತಿಗೆ ಒದಗಲಿಲ್ಲ. ವೆಂಟಿಲೇಟರ್ ಮೇಲಿದ್ದ ಕೆಲವು ರೋಗಿಗಳು ತೀರಿಕೊಂಡರು. ಅವರ ಸ್ಥಿತಿ ಮೊದಲೇ ಗಂಭೀರವಾಗಿತ್ತು, ಸಾವಿಗೆ ಕರೆಂಟ್ ಕಾರಣವಲ್ಲ ಎಂದು ಆಸ್ಪತ್ರೆಯ ಆಡಳಿತ ಹೇಳಿತು. ಮನೆಯವರು ಒಪ್ಪಲಿಲ್ಲ. ವಿಷಯ ವಿಧಾನಸಭೆಗೂ ಹೋಯಿತು, ತನಿಖೆಗೆ ಸಮಿತಿಯೂ ಬಂತು. ಆ ವಾದ ಏನೇ ಇರಲಿ, ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಬೇರೆ. ಕರೆಂಟಿಲ್ಲದ ಆ ಹೊತ್ತಿನಲ್ಲಿ ಐದು ಲಕ್ಷದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಇದ್ದವರಿಗೂ ಇಲ್ಲದವರಿಗೂ ಏನೂ ವ್ಯತ್ಯಾಸವಿರಲಿಲ್ಲ.

ಎರಡು ವರ್ಷದ ನಂತರ, 2024ರ ನವೆಂಬರಿನಲ್ಲಿ, ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು, ಅವರಲ್ಲಿ ಐವರು ಮುಂದೆ ಪ್ರಾಣ ಬಿಟ್ಟರು. ಅವರಿಗೆ ಗ್ಲೂಕೋಸಿನಂತೆ ಡ್ರಿಪ್‌ನಲ್ಲಿ ಹಾಕಿದ್ದ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಬಿಲ್ಲೇ ಇಲ್ಲ. ದುಡ್ಡಿನ ಮಾತೇ ಇಲ್ಲದ ಜಾಗದಲ್ಲಿ ಆದ ಸಾವುಗಳಿವು.

ಹಾಗಾದರೆ ವಿಮೆ ಬೇಡವೇ? ಖಂಡಿತ ಬೇಕು. ಅದಕ್ಕೆ ನಮ್ಮ ಸೀಮೆಯಿಂದಲೇ ಗಟ್ಟಿ ಸಾಕ್ಷಿ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಬಳ್ಳಾರಿಯೂ ಸೇರಿದ್ದ ಗುಲಬರ್ಗಾ ವಿಭಾಗಕ್ಕೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳು ಕೈಯಿಂದ ದುಡ್ಡು ಕೊಡಬೇಕಿರಲಿಲ್ಲ. ಸಂಶೋಧಕರು ಯೋಜನೆಯ ಗಡಿಯೊಳಗಿನ ಊರುಗಳನ್ನು, ಗಡಿಯಾಚೆ ಯೋಜನೆ ಇನ್ನೂ ಬಾರದ ಊರುಗಳ ಜೊತೆ ಇಟ್ಟು ನೋಡಿದರು. ಬದುಕಿನ ರೀತಿ ಹೆಚ್ಚುಕಮ್ಮಿ ಒಂದೇ ಇದ್ದ ಊರುಗಳವು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಆ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳ ಸಾವು ಶೇ 64ರಷ್ಟು ಕಡಿಮೆ. ನಡುವೆ ಇದ್ದದ್ದು ನಕಾಶೆಯ ಮೇಲಿನ ಒಂದು ಗೆರೆ ಮಾತ್ರ! ಆಗ ಹಳ್ಳಿಗಳಲ್ಲಿ ಶಿಬಿರ ಮಾಡಿ, ರೋಗಿಗಳನ್ನು ಹುಡುಕಿ ಪಟ್ಟಣದ ಆಸ್ಪತ್ರೆಗೆ ಕಳಿಸುತ್ತಿದ್ದರು. ಕಾರ್ಡು ಕೆಲಸ ಮಾಡಿದ್ದರ ಹಿಂದೆ ಆ ಓಡಾಟವೂ ಇತ್ತೆಂದು ನನಗನ್ನಿಸುತ್ತದೆ.

ಇವತ್ತಿನ ದಾರಿ ನೋಡಿ: ನಮ್ಮ ಜಿಲ್ಲೆಯ ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಕುರುಗೋಡಿನಿಂದ ಹೆಚ್ಚುಕಮ್ಮಿ ಅದರ ಅರ್ಧ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಕೈಮೀರಿದ ಕೇಸನ್ನು ಬಳ್ಳಾರಿಗೆ ರೆಫರ್ ಮಾಡಿದ ಗಳಿಗೆಯಿಂದ ಮನೆಯವರಿಗೆ ಎರಡು ಚಿಂತೆ: ಗಾಡಿ ಯಾವುದು, ದುಡ್ಡು ಎಲ್ಲಿಂದ. ನೆಲ್ಲು ಬೆಳೆಯುವ ರೈತ ದಲ್ಲಾಳಿ ಅಂಗಡಿಗೆ ಫೋನ್ ಮಾಡುತ್ತಾನೆ. ಬರುವ ಸುಗ್ಗಿಯ ನೆಲ್ಲು ಅಲ್ಲಿಗೇ ಹಾಕಬೇಕು ಎಂಬ ಕರಾರಿನ ಮೇಲೆ ಸಾಲ ಹುಟ್ಟುತ್ತದೆ. ರೋಗಿ ಎರಡು ವಾರದಲ್ಲಿ ಮನೆಗೆ ಬರಬಹುದು, ಸಾಲ ಮಾತ್ರ ಎರಡು ಮೂರು ಬೆಳೆ ತಿಂದರೂ ಹೋಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಒಂದೂವರೆ ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆದರೆ ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಆ ಚೀಟಿಗಾಗಿ ಅಲೆಯಬೇಕಿಲ್ಲ, ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಈ ಒಂದು ಮಾತು ಎಷ್ಟು ಮನೆಗೆ ಗೊತ್ತಿದೆ? ಎದೆನೋವು ಬಂದ ರಾತ್ರಿ ಅದನ್ನು ಹೇಳಿಕೊಡುವವರು ಯಾರೂ ಇರುವುದಿಲ್ಲ.

ಶೇ 30ರಲ್ಲಿ ನಿಂತುಹೋಗುವ ಎಪಿಎಲ್ ರೈತನಿಗೆ ಯಶಸ್ವಿನಿ ಇದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಶುರುವಾಗಿ, 2018ರಲ್ಲಿ ನಿಂತು, 2022ರ ಕೊನೆಗೆ ಮತ್ತೆ ನೋಂದಣಿ ತೆರೆದ ಯೋಜನೆ. ಪುನರಾರಂಭದ ವೇಳೆ ಗ್ರಾಮೀಣ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ. ಒಂದು ಚೀಲ ಡಿಎಪಿ ಗೊಬ್ಬರದ ಖರ್ಚಿಗಿಂತ ಕಡಿಮೆ. ಆದರೆ ನೋಂದಣಿಗೆ ಗಡುವು ಇರುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾಡಿಸಲಾಗದು. ಬಳ್ಳಾರಿಯ ಜೀನ್ಸ್ ಹೊಲಿಯುವವರು, ಸಣ್ಣ ಅಂಗಡಿಯವರು ಕೊಳ್ಳುವ ಖಾಸಗಿ ಪಾಲಿಸಿಯಲ್ಲೂ ಇದೇ ಕಥೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ, ಸಂತೋಷ. ಆದರೂ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮೈ ಚೆನ್ನಾಗಿರುವಾಗ ಮಾಡಿಸಿದರಷ್ಟೇ ಅದು ಕೈಹಿಡಿಯುತ್ತದೆ.

ಇಲ್ಲಿಂದ ಮತ್ತೆ ಆಸ್ಪತ್ರೆಯ ಕಡೆಗೆ ಬರುತ್ತೇನೆ, ಏಕೆಂದರೆ ಕಾರ್ಡು ಕೊನೆಗೆ ತಲುಪಿಸುವುದು ಅಲ್ಲಿಗೇ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಕೋವಿಡ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡರು. ಅದೇ ತಿಂಗಳು ನಮ್ಮ ತೋರಣಗಲ್ಲಿನಲ್ಲಿ ಜಿಂದಾಲ್ ಕಾರ್ಖಾನೆಯ ಪಕ್ಕ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಉಕ್ಕಿಗಾಗಿ ತಯಾರಾಗುವ ಆಕ್ಸಿಜನ್ನು ಪೈಪಿನಲ್ಲಿ ನೇರವಾಗಿ ಹಾಸಿಗೆಗೆ ಹರಿಸಿದರು. ಹೆಮ್ಮೆಯ ಕೆಲಸವೇ. ಆದರೆ ಅದು ಎರಡನೇ ಅಲೆ ತಲೆಯ ಮೇಲೆ ಬಂದ ಮೇಲೆ ಆದದ್ದು.

ನದಿಯೂ ಹೀಗೆಯೇ ಎಚ್ಚರಿಸಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಬದಲಿ ಗೇಟು ಸಿದ್ಧವಿರಲಿಲ್ಲ, ತಾತ್ಕಾಲಿಕ ಗೇಟು ಮಾಡಿಸಿ ಇಳಿಸಲು ವಾರ ಬೇಕಾಯಿತು. ಲಕ್ಷ ಕ್ಯುಸೆಕ್ ಮಟ್ಟದಲ್ಲಿ ನೀರು ಬಿಟ್ಟಾಗ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳು ಕಣ್ಣು ಮುಚ್ಚಲಿಲ್ಲ. ಅಂಥ ರಾತ್ರಿ ದಿನ ತುಂಬಿದ ಬಸುರಿಯರು ಯಾವ ಮನೆಯಲ್ಲಿದ್ದಾರೆ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು ಯಾರು ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇರಬೇಕು, ನೀರು ಏರುವ ಮುಂಚೆಯೇ ಅವರನ್ನು ಊರಿಂದ ಈಚೆಗೆ ತರಬೇಕು. ನೆರೆಯ ಹಿಂದೆಯೇ ಹಾವುಗಳೂ ಬರುತ್ತವೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ವಿಷಕ್ಕೆ ಮದ್ದಾದ ಇಂಜೆಕ್ಷನ್ನಿನ ಪುಡಿ ರೂಪದ ಸೀಸೆ ಫ್ರಿಜ್ ಇಲ್ಲದಿದ್ದರೂ ತಂಪು ಜಾಗದಲ್ಲಿ ಉಳಿಯುತ್ತದೆ, ಹಾಗಾಗಿ ಕರೆಂಟ್ ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲೂ ಇಡಬಹುದು. ನಾಟಿ ಮಾಡುವ ಹೆಣ್ಣುಮಗಳೊಬ್ಬಳನ್ನು ಹಾವು ಕಡಿದರೆ, ಮೊದಲ ಡೋಸ್ ಸಿರುಗುಪ್ಪದಲ್ಲೇ, ಕುರುಗೋಡಿನಲ್ಲೇ ಆಗಬೇಕು. ಬಳ್ಳಾರಿಯ ದಾರಿಯಲ್ಲಿ ಆಕೆಯ ಉಸಿರು ಕಾಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ, ಅದರಲ್ಲಿ ಊರಿನವರೂ ಕೂರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಜನರೇಟರ್‌ನಲ್ಲಿ ಡೀಸೆಲ್ ಇದೆಯೇ ಎಂದಷ್ಟೇ ಕೇಳಬೇಡಿ. ವೆಂಟಿಲೇಟರ್‌ಗಳ ಬ್ಯಾಟರಿ ಪರೀಕ್ಷಿಸಿ, ವೈದ್ಯರೂ ಎಲೆಕ್ಟ್ರಿಷಿಯನ್ನರೂ ಪಕ್ಕದಲ್ಲೇ ಇರುವಾಗ, ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿಸಿ ಇಡೀ ಹೊರೆಯನ್ನು ಜನರೇಟರ್ ಹೊರುತ್ತದೆಯೇ ನೋಡಿ. ಆ ಪರೀಕ್ಷೆಯ ದಿನಾಂಕ, ಉಳಿದಿರುವ ಹಾವಿನ ಮದ್ದಿನ ಸೀಸೆಗಳ ಲೆಕ್ಕ, ಆಕ್ಸಿಜನ್ ಎಷ್ಟು ಗಂಟೆಗೆ ಸಾಕು ಎಂಬುದು, ಈ ಮೂರನ್ನೂ ಹೊರರೋಗಿಗಳ ಚೀಟಿ ಕೊಡುವ ಕಿಟಕಿಯ ಪಕ್ಕ ಕಪ್ಪು ಹಲಗೆಯ ಮೇಲೆ ಬರೆಸಿ. ಅದರ ಕೆಳಗೇ ಯಶಸ್ವಿನಿಯ ಗಡುವನ್ನೂ ಬರೆಸಿ, ಚೀಟಿಗಾಗಿ ಸಾಲಿನಲ್ಲಿ ನಿಂತವರು ಓದಿಕೊಳ್ಳಲಿ.